ಶ್ರಾವಕನ ಮನೆಯ ಅಲಂಕಾರ

ವ್ರತಧಾರಿಗಳನ್ನು ಜೈನಶಾಸ್ತ್ರವು ಎರಡು ಬಗೆಯಾಗಿ ವಿಂಗಡಿಸುತ್ತದೆ. ಮಹಾವ್ರತಗಳನ್ನು ಧರಿಸಿದ ಮುನಿಯು ಅನಗಾರ. ಅಣುವ್ರತಗಳನ್ನು ಪಾಲಿಸುವ ಗೃಹಸ್ಥನು ಸಾಗಾರ. ಅಗಾರವೆಂದರೆ ಮನೆ. 13ನೆಯ ಶತಮಾನದ ಪಂಡಿತ ಆಶಾಧರರು ಗೃಹಸ್ಥನ ಆಚಾರವನ್ನು ಕುರಿತು ಬರೆದ ಗ್ರಂಥಕ್ಕೆ ‘ಸಾಗಾರಧರ್ಮಾಮೃತ’ವೆಂದೇ ಹೆಸರಿಟ್ಟರು. ಮನೆಯನ್ನು ತೊರೆದವನು ಮುನಿ, ಮನೆಯಲ್ಲಿದ್ದುಕೊಂಡು ಧರ್ಮವನ್ನು ನಡೆಸುವವನು ಶ್ರಾವಕ. ಹೀಗೆ ಶ್ರಾವಕನನ್ನು ಅವನ ಮನೆಯಿಂದಲೇ ಗುರುತಿಸುವುದಾದರೆ, ಆ ಮನೆಯ ಗೋಡೆಯ ಮೇಲೆ ಏನಿರಬೇಕು, ಅದರ ಅಂದಕ್ಕಾಗಿ ಹೊರಗಿನಿಂದ ಎಷ್ಟನ್ನು ತರಬಹುದು ಎಂಬ ಪ್ರಶ್ನೆಗಳು ಧರ್ಮಕ್ಕೆ ಹೊರಗಿನವಾಗಲಾರವು. ಈ ಪ್ರಶ್ನೆಗಳಿಗೆ ಪೂರ್ವಿಕರು ಗ್ರಂಥಗಳಲ್ಲಿ ಉತ್ತರ ಹೇಳಿದ್ದಾರೆ. ಗೋಡೆ, ಕಂಬ, ಜಂತೆಗಳಲ್ಲಿಯೂ ಬರೆದಿಟ್ಟಿದ್ದಾರೆ.

ಬೆಳ್ಗೊಳದ ಮಠದ ಗೋಡೆ

ಶ್ರವಣಬೆಳ್ಗೊಳಕ್ಕೆ ಬರುವ ಯಾತ್ರಿಕರ ಕಣ್ಣು ಮೊದಲು ದೊಡ್ಡಬೆಟ್ಟದ ಮೇಲಿನ ಗೊಮ್ಮಟೇಶ್ವರನತ್ತ ಹೋಗುತ್ತದೆ. ಬೆಟ್ಟದಿಂದಿಳಿದು ಊರೊಳಗಿನ ಶ್ರೀಮಠವನ್ನು ಹೊಕ್ಕವರಿಗೆ ಬೇರೊಂದು ಬಗೆಯ ದರ್ಶನ ದೊರೆಯುತ್ತದೆ. ಗುರುಗಳ ನಿವಾಸವಾಗಿದ್ದ ಈ ಕಟ್ಟಡದ ನಡುವೆ ತೆರೆದ ಅಂಗಳವಿದೆ. ಗೋಡೆಗಳ ಮೇಲೆ ಮೈಸೂರು ಸಂಪ್ರದಾಯದ ವರ್ಣಚಿತ್ರಗಳಿವೆ. ಪ್ರಾಕ್ತನವಿಮರ್ಶವಿಚಕ್ಷಣ ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಹೊರತಂದ ಶ್ರವಣಬೆಳ್ಗೊಳದ ಶಾಸನಸಂಪುಟದಲ್ಲಿ ಈ ಚಿತ್ರಗಳ ವಿವರ ದೊರೆಯುತ್ತದೆ. ಪಾರ್ಶ್ವನಾಥ ತೀರ್ಥಂಕರರ ಸಮವಸರಣ, ಭರತ ಚಕ್ರವರ್ತಿಯ ಜೀವನದ ಘಟನೆಗಳು, ಪಂಚಮೀವ್ರತದ ಮಹಿಮೆಯನ್ನು ಸಾರುವ ನಾಗಕುಮಾರನ ಕಥೆ ಇಲ್ಲಿವೆ. 1799ರಿಂದ 1868ರವರೆಗೆ ಮೈಸೂರಿನ ಒಡೆಯರಾಗಿದ್ದ ಮುಮ್ಮಡಿ ಕೃಷ್ಣರಾಜರ ದಸರಾ ದರ್ಬಾರಿನ ಚಿತ್ರವೂ ಇದೆ. ಆಗಮದ ಸ್ಮರಣೆ, ಪುರಾಣದ ಸ್ಮರಣೆ, ತಮ್ಮ ಕಾಲದ ರಾಜಾಶ್ರಯದ ಸ್ಮರಣೆ, ಈ ಮೂರೂ ಒಂದೇ ಮನೆಯ ಗೋಡೆಯನ್ನು ಹಂಚಿಕೊಂಡಿವೆ.

ಇವುಗಳ ನಡುವೆ ಒಂದು ಮರದ ಚಿತ್ರವಿದೆ. ಮರದ ಮೇಲೆ ಆರು ಜನರು. ಅರಿಯದವನಿಗೆ ಅದು ಕಣ್ಣಿಗೆ ತಂಪಾದ ಒಂದು ವನದೃಶ್ಯ. ಅರಿತವನಿಗೆ ಅದು ಷಡ್ಲೇಶ್ಯೆಗಳ ಪಾಠ. ಕಾಡಿನಲ್ಲಿ ದಾರಿ ತಪ್ಪಿದ ಆರು ಮಂದಿ ಪಥಿಕರು ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಆರು ಮಂದಿಗೂ ಹಸಿವು ಒಂದೇ. ಮನಸ್ಸು ಮಾತ್ರ ಬೇರೆ ಬೇರೆ. ಒಬ್ಬನು ಮರವನ್ನು ಬುಡಸಹಿತ ಕಿತ್ತುಬಿಡೋಣವೆಂದು ಯೋಚಿಸುತ್ತಾನೆ, ಅವನದು ಕೃಷ್ಣಲೇಶ್ಯೆ. ಎರಡನೆಯವನಿಗೆ ಕಾಂಡವನ್ನು ಕಡಿಯುವ ಬಯಕೆ, ಅದು ನೀಲಲೇಶ್ಯೆ. ಮೂರನೆಯವನು ದೊಡ್ಡ ಕೊಂಬೆಯನ್ನು ಬಯಸುತ್ತಾನೆ, ಅದು ಕಾಪೋತ. ಚಿಕ್ಕ ರೆಂಬೆ ಸಾಕೆನ್ನುವವನದು ಪೀತಲೇಶ್ಯೆ. ಹಣ್ಣನ್ನಷ್ಟೇ ಕೊಯ್ಯೋಣವೆನ್ನುವವನದು ಪದ್ಮಲೇಶ್ಯೆ. ಕೊನೆಯವನು ತಾನಾಗಿ ನೆಲಕ್ಕೆ ಬಿದ್ದ ಹಣ್ಣುಗಳಿಂದಲೇ ತೃಪ್ತನಾಗುತ್ತಾನೆ, ಅವನದು ಶುಕ್ಲಲೇಶ್ಯೆ.

ಈ ದೃಷ್ಟಾಂತವು ಬೆಳ್ಗೊಳಕ್ಕೆ ಹೊರಗಿನದಲ್ಲ. 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ತಮ್ಮ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಇದನ್ನು ಹೇಳಿದ್ದಾರೆ. ಗೊಮ್ಮಟನೆಂದರೆ ದೊಡ್ಡಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯ. ಗ್ರಂಥಕ್ಕೆ ಅವನಿಂದಲೇ ಆ ಹೆಸರು. ಎಂಟು ಶತಮಾನಗಳಿಗೂ ಮಿಕ್ಕ ಕಾಲದ ಬಳಿಕ ಆ ಗ್ರಂಥದ ಮಾತು ಅದೇ ಊರಿನ ಗೋಡೆಯ ಮೇಲೆ ಬಣ್ಣವಾಗಿ ಮೂಡಿತು. ಅಕ್ಷರ ಬಾರದವರಿಗೂ ಮಕ್ಕಳಿಗೂ ಅದು ಗ್ರಂಥವಾಯಿತು. ಚಿತ್ರದ ಆ ಮರಕ್ಕೆ ಒಂದು ಎಲೆಯ ನಷ್ಟವೂ ಆಗಲಿಲ್ಲ. ಆದರೂ ಕಾಡು ಮನೆಯೊಳಗೆ ಬಂದಿತು.

ಶಾಸ್ತ್ರದ ಅಳತೆ

ಅಪರಿಗ್ರಹವನ್ನು ಬೋಧಿಸುವ ಧರ್ಮದಲ್ಲಿ ಅಲಂಕಾರಕ್ಕೆ ಎಡೆಯೆಲ್ಲಿ ಎಂದು ಕೆಲವರು ಕೇಳುವುದುಂಟು. ಉಮಾಸ್ವಾಮಿಗಳು ‘ತತ್ತ್ವಾರ್ಥಸೂತ್ರ’ದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ವಸ್ತುವನ್ನು ಹೆಸರಿಸದೆ ಮೂರ್ಛೆಯನ್ನು, ಅಂದರೆ ಮಮತ್ವದಿಂದ ಮೈಮರೆಯುವುದನ್ನು ಹೆಸರಿಸುತ್ತಾರೆ. ಆದರೆ ವಸ್ತುಗಳಿಗೆ ಮಿತಿ ಬೇಡವೆಂದು ಇದರರ್ಥವಲ್ಲ. ಗೃಹಸ್ಥನು ಪರಿಮಾಣ ಮಾಡಿಕೊಳ್ಳಬೇಕಾದವುಗಳನ್ನು ಅದೇ ಗ್ರಂಥವು ಹೇಳುವಾಗ ಹೊಲದೊಡನೆ ವಾಸ್ತು, ಅಂದರೆ ಮನೆ, ಮೊದಲಿಗೇ ಬರುತ್ತದೆ. ಬೆಳ್ಳಿ ಬಂಗಾರಗಳೂ ದನ ಧಾನ್ಯಗಳೂ ಆಮೇಲಿನವು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಇನ್ನೂ ಸೂಕ್ಷ್ಮವಾದ ಅಳತೆಯನ್ನು ಕೊಡುತ್ತಾರೆ. ಒಮ್ಮೆ ಅನುಭವಿಸಿ ಬಿಡುವಂಥದು ಭೋಗ. ಮತ್ತೆ ಮತ್ತೆ ಬಳಕೆಗೆ ಬರುವಂಥದು ಉಪಭೋಗ. ಸಂಜೆಗೆ ಬಾಡುವ ಹೂವಿನ ಸರ ಮೊದಲನೆಯದಕ್ಕೆ ಸೇರುತ್ತದೆ. ತಲೆಮಾರುಗಳ ಕಾಲ ನಿಲ್ಲುವ ಕಂಬ ಎರಡನೆಯದಕ್ಕೆ. ಎರಡಕ್ಕೂ ಮಿತಿಯಿರಬೇಕು. ಅವರು ಅನರ್ಥದಂಡವನ್ನು ವಿವರಿಸುವಾಗ, ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದನ್ನೂ ನೀರನ್ನು ಕದಡುವುದನ್ನೂ ಬೆಂಕಿ ಹೊತ್ತಿಸುವುದನ್ನೂ ಸಸ್ಯಗಳನ್ನು ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ನಿಷೇಧಿಸುತ್ತಾರೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಬಂಧವೂ ಒಂದು. ಪ್ರಾಣಿಯನ್ನು ಕಟ್ಟಿಹಾಕುವುದು, ಅದರ ಸಂಚಾರವನ್ನು ತಡೆಯುವುದು. ಜಗಲಿಯ ಅಂದಕ್ಕೆಂದು ಪಂಜರದಲ್ಲಿಟ್ಟ ಗಿಳಿಯನ್ನೂ ನಡುಮನೆಯ ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೀನನ್ನೂ ಈ ಮಾತಿನ ಬೆಳಕಿನಲ್ಲಿ ನೋಡಬೇಕು. ಅವು ಮನೆಗೆ ನಿಸರ್ಗವನ್ನು ತಂದಂತೆ ತೋರುತ್ತವೆ. ವಾಸ್ತವವಾಗಿ ನಿಸರ್ಗಕ್ಕೆ ಸೆರೆಮನೆಯನ್ನು ಕಟ್ಟುತ್ತವೆ.

ಮುನಿಗಳ ಕೈಯಲ್ಲಿರುವ ಪಿಂಛಿಯು ಈ ವಿಚಾರದಲ್ಲಿ ಉತ್ತಮ ನಿದರ್ಶನ. ನವಿಲು ತಾನಾಗಿ ಉದುರಿಸಿದ ಗರಿಗಳಿಂದ ಅದು ಸಿದ್ಧವಾಗುತ್ತದೆ. ಜೀವರಕ್ಷಣೆಯ ಸಾಧನಕ್ಕೆ ಜೀವಹಿಂಸೆಯ ಸೋಂಕು ತಗಲಬಾರದೆಂಬ ಎಚ್ಚರ ಅದರಲ್ಲಿದೆ. ಮಠದ ಗೋಡೆಯ ಆರನೆಯ ಪಥಿಕನು ಬಿದ್ದ ಹಣ್ಣನ್ನು ಆಯ್ದುಕೊಂಡದ್ದೂ ಇದೇ ಎಚ್ಚರದಿಂದ.

ಮರದಲ್ಲಿ ಉಳಿದ ನೆನಪು

ಚಿತ್ರದ ಮರದಿಂದ ಕಡಿದ ಮರದ ವಿಷಯಕ್ಕೆ ಬಂದಾಗ ಪ್ರಶ್ನೆ ಕಠಿಣವಾಗುತ್ತದೆ. ಮೂಡುಬಿದಿರೆಯಲ್ಲಿ 1430ರ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು ನೋಡಿದವರು ಜೈನ ಅರಸುಮನೆತನವಾದ ಚೌಟರ ಅರಮನೆಯನ್ನೂ ನೋಡಬೇಕು. ಬಸದಿಯ ಕಲ್ಲಿನಲ್ಲಿ ಕಾಣುವ ಕುಶಲತೆ ಅಲ್ಲಿ ಮರದ ಕಂಬಗಳಲ್ಲಿದೆ. ಒಂದು ಕಂಬದಲ್ಲಿ ಒಂಬತ್ತು ಮಂದಿ ಸ್ತ್ರೀಯರು ಹೆಣೆದುಕೊಂಡು ಆನೆಯ ಆಕಾರವನ್ನು ತಾಳಿದ್ದಾರೆ, ಅದು ನವನಾರೀಕುಂಜರ. ಮತ್ತೊಂದರಲ್ಲಿ ಐವರು ಕುದುರೆಯಾಗಿದ್ದಾರೆ, ಅದು ಪಂಚನಾರೀತುರಗ. ದೂರದಿಂದ ನೋಡಿದಾಗ ಆನೆ; ಸಮೀಪಿಸಿದಾಗ ಒಂಬತ್ತು ಆಕೃತಿಗಳು. ಎರಡು ನೋಟಗಳೂ ಸತ್ಯವೇ. ನಯವಾದವನ್ನು ಓದದ ಮಗುವಿಗೂ ಈ ಕಂಬದ ಎದುರು ಅದರ ಒಂದು ಸುಳಿವು ಸಿಗುತ್ತದೆ. ಸಿಕ್ಕಿದಾಗ ಅದರ ಮುಖ ಅರಳುತ್ತದೆ.

ಈ ಕಂಬಗಳಿಗಾಗಿ ಮರಗಳು ಉರುಳಿದವು ಎಂಬುದನ್ನು ಮರೆಮಾಚಲಾಗದು. ಆದರೆ ಒಮ್ಮೆ ಪಡೆದದ್ದನ್ನು ಆ ಕಾಲದವರು ಹೇಗೆ ನಡೆಸಿಕೊಂಡರೆಂಬುದನ್ನೂ ಗಮನಿಸಬೇಕು. ಅಜ್ಜನು ಒರಗಿದ ಕಂಬಕ್ಕೆ ಮೊಮ್ಮಗನೂ ಒರಗಿದನು. ಉಪಭೋಗವು ದೀರ್ಘವಾದಷ್ಟೂ ಹೊಸದಾಗಿ ಕಡಿಯುವ ಅಗತ್ಯ ತಗ್ಗುತ್ತದೆ. ನೆನಪು ಅಂಟಿದ ವಸ್ತುವನ್ನು ಮನುಷ್ಯನು ಸುಲಭವಾಗಿ ಎಸೆಯುವುದಿಲ್ಲ. ಈ ದೃಷ್ಟಿಯಿಂದ ಸ್ಮರಣೆಯೂ ಪರಿಗ್ರಹಕ್ಕೆ ಹಾಕಿದ ಒಂದು ಕಟ್ಟುಪಾಡೇ ಆಗಿದೆ. ಆ ಸ್ಮರಣೆ ತಾನೇ ಮಮತ್ವವಾಗಿ ಬೆಳೆಯದಂತೆ ನೋಡಿಕೊಳ್ಳುವುದು ಶ್ರಾವಕನ ವಿವೇಕ.

ಹಕ್ಕಿಗಳ ಪಾಲು, ಕಡಲಾಚೆಯ ಕಂಬಗಳು

ಮರಗೆಲಸದ ಮನೆಗಳ ಮಾತು ಬಂದಾಗ ಗುಜರಾತಿನ ಜೈನರನ್ನು ನೆನೆಯದಿರಲಾಗದು. ಅಹಮದಾಬಾದಿನ ಹಳೆಯ ನಗರವು 2017ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿನ ‘ಪೋಳ್’ ಎಂಬ ಇಕ್ಕಟ್ಟಾದ ಓಣಿಗಳಲ್ಲಿ ಕೆತ್ತನೆಯ ಮುಂಬಾಗಗಳುಳ್ಳ ಮನೆಗಳಿವೆ; ಕೆಲವು ಮನೆಗಳೊಳಗೆ ‘ಘರ್ ದೇರಾಸರ್’ ಎಂಬ ಮರದ ಗೃಹಜಿನಾಲಯಗಳಿವೆ. ಓಣಿಯ ನಡುವೆ ಎತ್ತರದ ಕಂಬದ ಮೇಲೆ ಪುಟ್ಟ ಮಂಟಪದಂತಹ ‘ಚಬೂತರೋ’ ನಿಂತಿರುತ್ತದೆ. ಬೆಕ್ಕು ನಾಯಿಗಳಿಗೆ ನಿಲುಕದ ಆ ಎತ್ತರದಲ್ಲಿ ಹಕ್ಕಿಗಳಿಗೆ ಕಾಳನ್ನೂ ನೀರನ್ನೂ ಇಡುವುದು ಓಣಿಯವರ ಸಂಪ್ರದಾಯ. ಕೇರಿಯ ಅತ್ಯಂತ ಸುಂದರವಾದ ಕೆತ್ತನೆಯ ಒಂದು ಭಾಗವನ್ನು ಹೀಗೆ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದಾರೆ. ಹಕ್ಕಿ ಬರುತ್ತದೆ, ಉಣ್ಣುತ್ತದೆ, ಹಾರಿಹೋಗುತ್ತದೆ. ಪಂಜರದ ಗಿಳಿಗೂ ಇದಕ್ಕೂ ಇರುವ ಅಂತರವೇ ಬಂಧಕ್ಕೂ ಮೈತ್ರಿಗೂ ಇರುವ ಅಂತರ.

ಆದರೆ ಇದೇ ನಗರದ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವೂ ಇದೆ. 1881ರಲ್ಲಿ ಲಾಕ್‌ವುಡ್ ಡಿ ಫಾರೆಸ್ಟ್ ಎಂಬ ಅಮೆರಿಕದ ಕಲಾವಿದನು ಅಹಮದಾಬಾದಿನ ಕೆತ್ತನೆಗೆ ಮಾರುಹೋಗಿ, ಅಲ್ಲಿನ ಜೈನ ಶ್ರೀಮಂತ ಮನೆತನದ ಮಗನ್‌ಭಾಯಿ ಹಠೀಸಿಂಗರೊಡನೆ ಕೂಡಿ ಮರಗೆತ್ತನೆಯ ಕಾರ್ಯಾಗಾರವೊಂದನ್ನು ಆರಂಭಿಸಿದನು. ಅದರಿಂದ ಶಿಲ್ಪಿಗಳಿಗೆ ಕೆಲಸ ದೊರೆಯಿತು. ಕ್ಷೀಣಿಸುತ್ತಿದ್ದ ಕಲೆಗೆ ಆಸರೆಯೂ ದೊರೆಯಿತು. ಅಲ್ಲಿನ ತೇಗದ ಕೆತ್ತನೆಗಳು ನ್ಯೂಯಾರ್ಕಿನ ಮನೆಗಳನ್ನು ಸಿಂಗರಿಸಿದವು. ಪಾಟಣದ ಜೈನ ಮಂದಿರವೊಂದರ 16ನೆಯ ಶತಮಾನದ ಮರದ ಮಂಟಪವೂ 1916ರಲ್ಲಿ ಆತನ ಮತ್ತು ಆತನ ಅಣ್ಣನ ಕೊಡುಗೆಯಾಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವನ್ನು ಸೇರಿತು. ಅಲ್ಲಿ ಅದು ಸುರಕ್ಷಿತವಾಗಿದೆ. ಸಾವಿರಾರು ಜನರು ಅದನ್ನು ನೋಡಿ ಬೆರಗಾಗುತ್ತಾರೆ. ಆದರೆ ಅದರ ಕೆಳಗೆ ಯಾರೂ ಸ್ತುತಿಸುವುದಿಲ್ಲ, ಯಾವ ತಾಯಿಯೂ ಮಗುವನ್ನೆತ್ತಿ ಇದು ಇಂಥ ದೇವತೆ ಎಂದು ತೋರಿಸುವುದಿಲ್ಲ. ಮರ ಉಳಿಯಿತು, ಆ ಮರಕ್ಕೆ ಅಂಟಿದ್ದ ಮನೆಮಾತು ಉಳಿಯಲಿಲ್ಲ.

ಪ್ರಮೋದವೆಂಬ ಸಂತೋಷ

ಸಂತೋಷವನ್ನು ಕೊಡುವ ವಸ್ತು ಮನೆಯಲ್ಲಿರಲಿ ಎಂದು ಎಲ್ಲರೂ ಬಯಸುತ್ತಾರೆ. ಜೈನಧರ್ಮವು ಸಂತೋಷವನ್ನು ಅಲ್ಲಗಳೆಯುವುದಿಲ್ಲ. ಅದಕ್ಕೆ ಯೋಗ್ಯವಾದ ನೆಲೆಯನ್ನು ತೋರಿಸುತ್ತದೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳಲ್ಲಿ ಎಲ್ಲ ಜೀವಿಗಳ ವಿಷಯದಲ್ಲಿ ಮೈತ್ರಿಯನ್ನೂ ಗುಣಾಧಿಕರ ವಿಷಯದಲ್ಲಿ ಪ್ರಮೋದವನ್ನೂ ತತ್ತ್ವಾರ್ಥಸೂತ್ರವು ವಿಧಿಸುತ್ತದೆ. ತಮಗಿಂತ ಗುಣದಲ್ಲಿ ಹಿರಿಯರಾದವರನ್ನು ಕಂಡಾಗ ಉಕ್ಕುವ ಹರ್ಷವೇ ಪ್ರಮೋದ. ಮಠದ ಗೋಡೆಯ ಮೇಲೆ ಪಾರ್ಶ್ವನಾಥರೂ ಭರತನೂ ನಾಗಕುಮಾರನೂ ಸ್ಥಾನ ಪಡೆದದ್ದರ ಮರ್ಮ ಇಲ್ಲಿದೆ. ಮನೆಯಲ್ಲಿ ನಿತ್ಯವೂ ಕಣ್ಣಿಗೆ ಬೀಳುವ ವಸ್ತುವು ಬಯಕೆಯನ್ನು ಬೆಳೆಸುತ್ತದೆಯೋ ಗುಣಾದರವನ್ನು ಬೆಳೆಸುತ್ತದೆಯೋ ಎಂಬುದೇ ಅಲಂಕಾರಕ್ಕೆ ಕೊನೆಯ ಪರೀಕ್ಷೆ. ನೆರೆಯವನಲ್ಲಿ ಅಸೂಯೆ ಹುಟ್ಟಿಸಲೆಂದು ತಂದ ವಸ್ತುವಿಗೆ ಎಷ್ಟು ಬೆಲೆಯಿದ್ದರೂ ಅದು ಈ ಪರೀಕ್ಷೆಯಲ್ಲಿ ಗೆಲ್ಲಲಾರದು. ಅಜ್ಜಿಯು ಪರ್ಯುಷಣದ ದಿನಗಳಲ್ಲಿ ಓದುತ್ತಿದ್ದ ಗ್ರಂಥದ ಪೀಠ, ವ್ರತದ ಉದ್ಯಾಪನೆಗೆಂದು ಮಾಡಿಸಿದ ದೀಪ, ಅಂಗಳದಲ್ಲಿ ಹಕ್ಕಿಗಳಿಗೆಂದು ನೀರಿಟ್ಟ ಮಣ್ಣಿನ ಬೋಗುಣಿ, ಇವು ಗೆಲ್ಲುತ್ತವೆ.

ಹಳೆಯ ಮನೆಯನ್ನು ಕೆಡವಿ ಹೊಸದನ್ನು ಕಟ್ಟುವುದು ಅನೇಕ ಕುಟುಂಬಗಳಿಗೆ ಇಂದು ಅನಿವಾರ್ಯವಾಗಿರಬಹುದು. ಆಗಲೂ ಕೆತ್ತನೆಯ ಬಾಗಿಲುವಾಡವನ್ನೋ ಒಂದೆರಡು ಕಂಬಗಳನ್ನೋ ವ್ಯಾಪಾರಿಯ ಗಾಡಿಗೆ ಏರಿಸುವ ಮೊದಲು, ಅವು ಹೊಸ ಮನೆಯಲ್ಲಿ ನಿಲ್ಲಬಹುದೇ ಎಂದು ಆಲೋಚಿಸುವುದು ಉಚಿತ. ಹಾಗೆ ನಿಂತರೆ ಹೊಸದಾಗಿ ಒಂದು ಮರ ಉಳಿಯುತ್ತದೆ, ಹಳೆಯ ನೆನಪೊಂದೂ ಉಳಿಯುತ್ತದೆ. ಬಸದಿಗಳ ಆಡಳಿತ ಮಂಡಳಿಗಳಿಗೂ ಇದೇ ಮಾತು ಸಲ್ಲುತ್ತದೆ. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು; ಅದನ್ನು ಅಳಿಸುವುದಲ್ಲ. ಗಾರೆಯ ಹಳೆಯ ಗೋಡೆಗೆ ಸಿಮೆಂಟನ್ನು ಮೆತ್ತಿದರೆ ತೇವವು ಹೊರಬರಲಾರದೆ ಒಳಗೇ ನಿಂತು, ಲವಣಗಳು ಒಸರಿ, ಚಿತ್ರದ ಬಣ್ಣವು ಪದರಪದರವಾಗಿ ಉದುರುತ್ತದೆ. ಮರದ ಸೂಕ್ಷ್ಮ ಕೆತ್ತನೆಯ ಮೇಲೆ ದಪ್ಪನಾದ ಎನಾಮಲ್ ಬಣ್ಣವನ್ನು ಬಳಿದರೆ ಶಿಲ್ಪಿಯ ಉಳಿಯ ಗೆರೆಗಳು ಮುಚ್ಚಿಹೋಗುತ್ತವೆ. ಕುಂಚವನ್ನು ಕೈಗೆತ್ತಿಕೊಳ್ಳುವ ಮೊದಲು ಸಂರಕ್ಷಣೆಯನ್ನು ಬಲ್ಲವರ ಸಲಹೆಯನ್ನು ಪಡೆಯುವುದೂ ಧರ್ಮಕಾರ್ಯವೇ.

ಬೆಳ್ಗೊಳದ ಮಠದ ಆ ಮರದ ಮೇಲೆ ಆರು ಮಂದಿ ಇದ್ದಾರೆ. ಮನೆಯನ್ನು ಸಿಂಗರಿಸಲು ಹೊರಟ ಪ್ರತಿಯೊಬ್ಬ ಶ್ರಾವಕನೂ ಶ್ರಾವಕಿಯೂ ಆ ಆರರಲ್ಲಿ ಒಬ್ಬರ ಸ್ಥಾನದಲ್ಲಿ ನಿಲ್ಲುತ್ತಾರೆ. ಎಲ್ಲರಿಗೂ ಶುಕ್ಲಲೇಶ್ಯೆ ಒಮ್ಮೆಗೇ ಸಾಧ್ಯವಾಗದಿರಬಹುದು. ಬುಡವನ್ನು ಬಯಸುವವನು ಕೊಂಬೆಗೆ ತೃಪ್ತನಾದರೂ, ಕೊಂಬೆಯನ್ನು ಬಯಸುವವನು ಹಣ್ಣಿಗೆ ತೃಪ್ತನಾದರೂ, ಅವನು ಒಂದು ಮೆಟ್ಟಿಲನ್ನು ಏರಿದಂತೆಯೇ. ಹಾಗೆ ಏರಿದವರ ಮನೆಯಲ್ಲಿ ವಸ್ತುಗಳು ಕಡಿಮೆಯಿದ್ದರೂ ಬೆಳಕು ಕಡಿಮೆಯಾಗುವುದಿಲ್ಲ.