ಎಂಬತ್ತು ಹಿರಿಯರು, ನಲವತ್ತು ಮಕ್ಕಳು, ಒಂದೇ ಅಂಗಳ



ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ, ಇಲ್ಲಿ ಮಕ್ಕಳ ಶಾಲೆಯ ಫೀಸು. ಈ ಎರಡು ಚಿಂತೆಗಳ ನಡುವೆ ತಿಂಗಳ ಸಂಬಳವನ್ನು ಹಂಚಿಕೊಳ್ಳುವ ಮನೆಗಳು ನಮ್ಮ ಕೇಳುಗರಲ್ಲಿ ಎಷ್ಟಿಲ್ಲ? ಈ ಎರಡೂ ಹೊಣೆಗಳನ್ನು ಒಂದೇ ಕಾಂಪೌಂಡಿನೊಳಗೆ ಹೊತ್ತುಕೊಂಡ ಸಂಸ್ಥೆಯೊಂದು ನಾನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಹುಟ್ಟಿತು. ಅದರ ಹೆಸರು ಚಾರ್ಟರ್‌ಹೌಸ್. ಈ ಸಲ ಅದರ ಕಥೆ ಕೇಳೋಣ ಬನ್ನಿ.

ಮೊದಲು ಆ ಜಾಗದ ಮಾತು. 1348ರಲ್ಲಿ ಲಂಡನ್ನಿಗೆ ಪ್ಲೇಗ್ ಬಂದಾಗ ಊರ ಗೋಡೆಯ ಹೊರಗಿನ ಈ ನೆಲದಲ್ಲಿ ಸತ್ತವರನ್ನು ಹೂಳಿದರು. 2013ರಲ್ಲಿ ರೈಲು ಸುರಂಗದ ಕೆಲಸ ನಡೆಯುವಾಗ ಅವರ ಅಸ್ಥಿಪಂಜರಗಳು ಸಿಕ್ಕಿ ದೊಡ್ಡ ಸುದ್ದಿಯಾಗಿತ್ತು. ಅದೇ ಸ್ಮಶಾನದ ಪಕ್ಕದಲ್ಲಿ 1371ರಲ್ಲಿ ಕಾರ್ತೂಸಿಯನ್ ಸನ್ಯಾಸಿಗಳ ಮಠ ಎದ್ದಿತು. ದೊರೆ ಎಂಟನೇ ಹೆನ್ರಿ ತಾನೇ ಚರ್ಚಿಗೆ ಮುಖ್ಯಸ್ಥನೆಂದು ಸಾರಿದಾಗ ಮಠದ ಹಿರಿಯ ಜಾನ್ ಹೌಟನ್ ಒಪ್ಪಲಿಲ್ಲ. 1535ರಲ್ಲಿ ಆತನಿಗೆ ಮರಣದಂಡನೆಯಾಯಿತು. ಎರಡು ವರ್ಷದಲ್ಲಿ ಮಠವೂ ಮುಚ್ಚಿತು. ಆಮೇಲೆ ಅದು ಶ್ರೀಮಂತರ ಅರಮನೆಯಾಗಿ ಕೈಯಿಂದ ಕೈಗೆ ದಾಟಿತು.

ಇಲ್ಲಿಗೆ ಬರುತ್ತಾನೆ ಥಾಮಸ್ ಸಟನ್. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸೈನ್ಯದ ಶಸ್ತ್ರಾಗಾರದ ಅಧಿಕಾರಿಯಾಗಿದ್ದವನು. ಡರಮ್ ಸೀಮೆಯ ಕಲ್ಲಿದ್ದಲು ಗಣಿಗಳ ಗುತ್ತಿಗೆ ಹಿಡಿದು ಹಣ ಮಾಡಿದ. ಲಂಡನ್ನಿಗೆ ಬಂದು ಅದನ್ನು ಬಡ್ಡಿಗೆ ಬಿಟ್ಟು ಇನ್ನಷ್ಟು ಬೆಳೆಸಿದ. 1611ರಲ್ಲಿ 13,000 ಪೌಂಡ್ ಕೊಟ್ಟು ಈ ಅರಮನೆಯನ್ನು ಕೊಂಡ. ಉದ್ದೇಶ ಎರಡು: ಬಡತನಕ್ಕೆ ಬಿದ್ದ 80 ಮಂದಿ ವೃದ್ಧರಿಗೆ ಆಶ್ರಯ, 40 ಮಂದಿ ಬಡ ಹುಡುಗರಿಗೆ ಉಚಿತ ಶಿಕ್ಷಣ. ಇದಕ್ಕೆ ‘ಹಾಸ್ಪಿಟಲ್’ ಎಂದೇ ಹೆಸರಿಟ್ಟರು. ಆ ಕಾಲದಲ್ಲಿ ಆ ಪದಕ್ಕೆ ಆಶ್ರಯಧಾಮ ಎಂಬ ಅರ್ಥವಿತ್ತು. ಆದರೆ ಕೆಲಸ ಶುರುವಾಗುವ ಮೊದಲೇ, ಅದೇ ವರ್ಷ ಡಿಸೆಂಬರ್ 12ರಂದು, ಸಟನ್ ತೀರಿಕೊಂಡ.

ದೊಡ್ಡ ಆಸ್ತಿ, ಒಡೆಯನಿಲ್ಲ. ಮುಂದೇನಾಯಿತೆಂದು ನೀವೇ ಊಹಿಸಬಲ್ಲಿರಿ. ಸೋದರಳಿಯ ಸೈಮನ್ ಬ್ಯಾಕ್ಸ್‌ಟರ್ ಕೋರ್ಟಿಗೆ ಹೋದ. ದೊರೆ ಒಂದನೇ ಜೇಮ್ಸ್‌ನ ಆಸ್ಥಾನದ ಕಾನೂನು ಪಂಡಿತ ಫ್ರಾನ್ಸಿಸ್ ಬೇಕನ್ ಕೂಡ, ಈ ಹಣವನ್ನು ಬೇರೆ ರೀತಿಯಲ್ಲಿ ಬಳಸುವುದು ಒಳ್ಳೆಯದೆಂದು ದೊರೆಗೆ ಸಲಹೆ ಬರೆದ. ಬ್ಯಾಕ್ಸ್‌ಟರ್ ಪಕ್ಷದವರ ವಾದ ಸರಳವಾಗಿತ್ತು. ಆಶ್ರಯಧಾಮ ಎಲ್ಲಿದೆ? ಒಬ್ಬ ವೃದ್ಧನೂ ಇಲ್ಲ, ಒಬ್ಬ ಹುಡುಗನೂ ಇಲ್ಲ, ಇರುವುದು ಬರೀ ಕಾಗದ. ಇಲ್ಲದ ಸಂಸ್ಥೆಗೆ ಆಸ್ತಿ ಬರೆದರೆ ಅದು ಊರ್ಜಿತವಾಗುವುದು ಹೇಗೆ?

1612ರಲ್ಲಿ ನ್ಯಾಯಾಧೀಶರು ಕಾಗದವೇ ಸಾಕು ಎಂದರು. ದೊರೆಯ ಸನ್ನದು ಸಿಕ್ಕ ಕ್ಷಣದಿಂದ ಸಂಸ್ಥೆ ಹುಟ್ಟಿದಂತೆಯೇ. ಅದಕ್ಕೆ ದೇಹವಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಮನುಷ್ಯರಂತೆ ಸಾಯುವುದೂ ಇಲ್ಲ. ಈ ತೀರ್ಪನ್ನು ಎಡ್ವರ್ಡ್ ಕೋಕ್ ತನ್ನ ವರದಿಗಳಲ್ಲಿ ದಾಖಲಿಸಿದ. ಕಂಪನಿ ಬೇರೆ, ಅದರ ಸದಸ್ಯರು ಬೇರೆ ಎನ್ನುವ ಕಾನೂನಿನ ಇತಿಹಾಸದಲ್ಲಿ ಈ ಮೊಕದ್ದಮೆಗೆ ಇವತ್ತಿಗೂ ಸ್ಥಾನವಿದೆ. ನಿಮ್ಮ ಮನೆಯಲ್ಲಿ ಕಾನೂನು ಓದುವ ಮಕ್ಕಳಿದ್ದರೆ ‘ಸಟನ್ಸ್ ಹಾಸ್ಪಿಟಲ್ ಕೇಸ್’ ಗೊತ್ತೇ ಎಂದು ಕೇಳಿ ನೋಡಿ. ನಮ್ಮ ದಾನಶಾಸನಗಳು ದತ್ತಿಗೆ ತಪ್ಪಿದವರಿಗೆ ಪಾಪದ ಭಯ ಹಾಕುತ್ತಿದ್ದವು. ಸಟನ್ನನ ದತ್ತಿಗೆ ಕೋರ್ಟಿನ ತೀರ್ಪೇ ಕಾವಲಾಯಿತು.

1614ರಲ್ಲಿ ಬಾಗಿಲು ತೆರೆಯಿತು. ಯುದ್ಧದಲ್ಲಿ ಅಂಗಹೀನರಾದ ಸೈನಿಕರು, ಹಡಗು ಮುಳುಗಿ ದಿವಾಳಿಯಾದ ವರ್ತಕರು, ಅರಮನೆಯ ಹಳೆಯ ಸೇವಕರು ಬಂದು ಸೇರಿದರು. ಅವರನ್ನು ‘ಬ್ರದರ್ಸ್’, ಅಂದರೆ ಸಹೋದರರು, ಎಂದು ಕರೆದರು. ಅಂದ ಹಾಗೆ, ದನಿಯನ್ನೇ ನಂಬಿ ಬದುಕುವ ನಮ್ಮಂಥವರ ಮನಸ್ಸಿಗೆ ನಾಟುವ ಒಂದು ಪದ್ಧತಿ ಅಲ್ಲಿತ್ತು. ರಾತ್ರಿ ಗಂಟೆ ಬಾರಿಸುವಾಗ ಎಷ್ಟು ಮಂದಿ ಸಹೋದರರೋ ಅಷ್ಟು ಪೆಟ್ಟು. ಒಂದು ರಾತ್ರಿ ಒಂದು ಪೆಟ್ಟು ಕಡಿಮೆಯಾದರೆ, ಒಬ್ಬರು ಹೋದರೆಂದು ಎಲ್ಲರಿಗೂ ತಿಳಿಯುತ್ತಿತ್ತು.

ಶಾಲೆಯ ಹುಡುಗರೂ ಕಡಿಮೆಯವರಲ್ಲ. ಮೆಥಡಿಸ್ಟ್ ಪಂಥದ ಜಾನ್ ವೆಸ್ಲಿ ಇಲ್ಲಿ ಓದಿದರು. 1811ರಲ್ಲಿ ನಮ್ಮ ಕಲ್ಕತ್ತೆಯಲ್ಲಿ ಹುಟ್ಟಿದ ಕಾದಂಬರಿಕಾರ ಥ್ಯಾಕರೆ ಕೂಡ ಇಲ್ಲಿಯ ವಿದ್ಯಾರ್ಥಿ. ಅವರ ‘ದಿ ನ್ಯೂಕಮ್ಸ್’ ಕಾದಂಬರಿಯ ಕರ್ನಲ್ ನ್ಯೂಕಮ್ ಭಾರತದಲ್ಲಿ ಸೈನ್ಯದ ಸೇವೆ ಮಾಡಿದವನು. ಬ್ಯಾಂಕ್ ಮುಳುಗಿ ಸರ್ವಸ್ವ ಕಳೆದುಕೊಂಡು, ತಾನು ಹುಡುಗನಾಗಿ ಓದಿದ ಜಾಗಕ್ಕೇ ಬಡ ಸಹೋದರನಾಗಿ ಮರಳುತ್ತಾನೆ. ಕಾದಂಬರಿಯಲ್ಲಿ ಹೆಸರು ಬೇರೆ, ಆದರೆ ಅಂಗಳ ಚಾರ್ಟರ್‌ಹೌಸಿನದೇ.

ಆ ಒಂದೇ ಅಂಗಳ ಶಾಶ್ವತವಾಗಿ ಉಳಿಯಲಿಲ್ಲ. ಸುತ್ತ ಊರು ದಟ್ಟವಾಗಿ ಬೆಳೆಯಿತು. 1872ರಲ್ಲಿ ಶಾಲೆ ಸರ್ರೆ ಜಿಲ್ಲೆಯ ಗೊಡಾಲ್ಮಿಂಗ್ ಊರಿಗೆ ಹೊರಟಿತು. ಹಿರಿಯರು ಹಳೆಯ ಜಾಗದಲ್ಲೇ ಉಳಿದರು. ಬಡ ಹುಡುಗರಿಗಾಗಿ ಹುಟ್ಟಿದ ಶಾಲೆ ಇಂದು ಇಂಗ್ಲೆಂಡಿನ ದುಬಾರಿ ಶಾಲೆಗಳಲ್ಲಿ ಒಂದು. ಸಟನ್ ಬಯಸಿದ್ದು ಇದನ್ನೇ ಎಂದು ಹೇಳುವುದು ಕಷ್ಟ. ಮಕ್ಕಳ ಕಡೆಯ ಮಾತು ದಾರಿ ಬದಲಿಸಿತು, ಹಿರಿಯರ ಕಡೆಯ ಮಾತು ನಿಂತಿತು.

ನಿಂತದ್ದು ಸುಲಭವಾಗಿ ಅಲ್ಲ. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಕಟ್ಟಡದ ಬಹುಭಾಗ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ಕಟ್ಟಿದರು, ಹಿರಿಯರನ್ನು ಮತ್ತೆ ಕರೆತಂದರು. 2017ರಲ್ಲಿ ಅಲ್ಲೊಂದು ವಸ್ತುಸಂಗ್ರಹಾಲಯ ತೆರೆದು ಸಾರ್ವಜನಿಕರಿಗೆ ಪ್ರವೇಶ ಕೊಟ್ಟರು. ಆಮೇಲೆ ಮಹಿಳೆಯರೂ ವಾಸಕ್ಕೆ ಬಂದರು. ಅವರನ್ನೂ ಕರೆಯುವುದು ‘ಬ್ರದರ್’ ಎಂದೇ! ಇಂದು ನಲವತ್ತಕ್ಕೂ ಹೆಚ್ಚು ಹಿರಿಯರು ಅಲ್ಲಿ ಒಟ್ಟಿಗೆ ಕೂತು ಊಟ ಮಾಡುತ್ತಾರೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಸಟನ್ನನ ಸಂಪತ್ತಲ್ಲ. ಅವನು ಸತ್ತಾಗ ಅವನ ದಾನಕ್ಕೆ ಕಟ್ಟಡ ಸಜ್ಜಾಗಿರಲಿಲ್ಲ, ಜನರಿರಲಿಲ್ಲ. ಇದ್ದದ್ದು ಕ್ರಮವಾಗಿ ಬರೆದಿಟ್ಟ ಒಂದು ಪತ್ರ, ಅದನ್ನು ಬಿಟ್ಟುಕೊಡದ ಕೆಲವರು. ನಮ್ಮ ಊರುಗಳಲ್ಲೂ ಹಿರಿಯರು ಬಾಯಿಮಾತಿನಲ್ಲಿ ಬಿಟ್ಟುಹೋದ ಎಷ್ಟೋ ಒಳ್ಳೆಯ ಸಂಕಲ್ಪಗಳಿವೆ. ಈ ಸಲ ಊರಿಗೆ ಹೋದಾಗ ಅವುಗಳ ಕಾಗದಪತ್ರ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ವಿಚಾರಿಸಿ. ತಿಳಿದದ್ದನ್ನು ನಮಗೂ ಬರೆಯಿರಿ.