ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್: ಒಂದು ಭಯದ ಇತಿಹಾಸ

ನಾಯಿ ಸಾಕೋರಿಗೆ ಊಟ, ಸ್ನಾನ, ತರಬೇತಿ ಅಂತ ಮಾತಾಡೋದು ಸುಲಭ. ಇವತ್ತಿನ ವಿಷಯ ಸ್ವಲ್ಪ ಗಡುಸು. ನಾಯಿ ಕಚ್ಚಿದ ಮೇಲೆ ಹಾಕಿಸಿಕೊಳ್ಳೋ ಇಂಜೆಕ್ಷನ್ ಇದೆಯಲ್ಲ, ಅದರ ಕತೆ.

"ನಾಯಿ ಕಚ್ಚಿದ್ರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಅನ್ನೋ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಕಮ್ಮಿ. ಬೀದಿ ನಾಯಿಗೆ ಕಲ್ಲು ಬೀಸೋಕೆ ಹೋದಾಗ ಅಜ್ಜಿ ಹೆದರಿಸಿದ್ದು ಹೀಗೇ. ಪುಣೆ ಆಫೀಸಿನಲ್ಲಿ ಪಕ್ಕದ ಸೀಟಿನ ಮರಾಠಿಯವರನ್ನು ಕೇಳಿ, ಚೆನ್ನೈನಲ್ಲಿ ಮನೆ ಓನರ್ರನ್ನು ಕೇಳಿ, ಅವರೂ ಹದಿನಾಲ್ಕು ಅಂತಲೇ ಅಂತಾರೆ. ದೇಶವೆಲ್ಲ ಒಪ್ಪಿಕೊಂಡ ಲೆಕ್ಕ ಇದು. ಮಜಾ ಏನಂದ್ರೆ ಆ ಇಂಜೆಕ್ಷನ್ ಈಗ ಇಲ್ಲ. ಭಾರತದಲ್ಲಿ ಅದರ ತಯಾರಿಕೆ ನಿಂತಿದ್ದು 2004ರ ಕೊನೆಗೆ. ಇಪ್ಪತ್ತು ವರ್ಷ ದಾಟಿತು. ಔಷಧಿ ಹೋಯ್ತು, ಭಯ ಮಾತ್ರ ಉಳೀತು.

ಉಳಿದರೆ ಏನಂತೆ ಅಂತೀರಾ? ಊರಿಂದ ಫೋನ್ ಬರುತ್ತಲ್ಲ, "ಅಪ್ಪಂಗೆ ನಾಯಿ ಸ್ವಲ್ಪ ಹಲ್ಲು ತಾಗಿಸ್ತು, ಏನಿಲ್ಲ ಬಿಡು, ಸುಣ್ಣ ಹಚ್ಚಿದೀವಿ" ಅಂತ, ಅಲ್ಲಿ ಅದು ಕೆಲಸ ಮಾಡುತ್ತೆ. ಕಚ್ಚಿಸಿಕೊಂಡ ಹುಡುಗ ಮನೆಯಲ್ಲಿ ಹೇಳದೆ ಮುಚ್ಚಿಡ್ತಾನಲ್ಲ, ಅಲ್ಲೂ ಅದೇ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕೋದು ಇಲ್ಲವೇ ಇಲ್ಲ ಅನ್ನೋಷ್ಟು ಅಪರೂಪ. ಕಚ್ಚಿದ ದಿನ ಸರಿಯಾದ ಚಿಕಿತ್ಸೆ ಶುರುವಾದರೆ ಸಾಯೋದು ಅಷ್ಟೇ ಅಪರೂಪ. ನಡುವೆ ಇರೋದು ಸಾಮಾನ್ಯವಾಗಿ ಕೆಲವು ವಾರ, ಇಲ್ಲವೇ ಕೆಲವು ತಿಂಗಳು. ಆ ಅವಧಿಯಲ್ಲಿ ವೈರಸ್ಸು ನರದ ದಾರಿ ಹಿಡಿದು ಮೆದುಳಿನ ಕಡೆ ನಡೀತಾ ಇರುತ್ತೆ. ಗಾಯ ಮಾತ್ರ ಒಣಗಿ, ಎಲ್ಲ ಸರಿಹೋದ ಹಾಗೇ ಕಾಣುತ್ತೆ.

ಹದಿನಾಲ್ಕರ ಮೂಲ ಹುಡುಕ್ತಾ ಹೋದರೆ ಪ್ಯಾರಿಸ್ ಸಿಗುತ್ತೆ. ಅಲ್ಲಿಯವರೆಗೆ ಹುಚ್ಚುನಾಯಿ ಕಡಿತಕ್ಕೆ ಇದ್ದ ಮುಖ್ಯ ಮದ್ದು ಕಾಯಿಸಿದ ಕಬ್ಬಿಣ. ಲೂಯಿ ಪಾಶ್ಚರ್ ಹುಡುಗನಾಗಿದ್ದಾಗ, ತೋಳ ಕಚ್ಚಿದವರನ್ನು ಕಮ್ಮಾರನ ಕುಲುಮೆಗೆ ಕರೆತಂದು ಬರೆ ಹಾಕೋದನ್ನು ತನ್ನೂರಲ್ಲಿ ಕಂಡಿದ್ದ ಅನ್ನೋದು ಅವನ ಜೀವನಚರಿತ್ರೆಯಲ್ಲಿ ಬರೋ ಪ್ರಸಿದ್ಧ ಸಂಗತಿ. 1885ರ ಜುಲೈ 6ರಂದು ಅಲ್ಸೇಸ್ ಪ್ರಾಂತ್ಯದಿಂದ ಜೋಸೆಫ್ ಮೈಸ್ಟರ್ ಅನ್ನೋ ಒಂಬತ್ತು ವರ್ಷದ ಹುಡುಗನನ್ನು ತಾಯಿ ಅವನ ಹತ್ತಿರ ಕರೆತಂದಳು. ನಾಯಿ ಕಚ್ಚಿ ಎರಡು ದಿನ ಆಗಿತ್ತು. ರೇಬೀಸ್ ತಗುಲಿ ಸತ್ತ ಮೊಲದ ಬೆನ್ನುಹುರಿಯನ್ನು ಗಾಜಿನ ಬುರುಡೆಯಲ್ಲಿ ತೂಗುಹಾಕಿ ಒಣಗಿಸಿದರೆ ದಿನ ಕಳೆದಂತೆ ವಿಷ ಕಮ್ಮಿಯಾಗುತ್ತೆ, ಇದು ಪಾಶ್ಚರ್ ಕಂಡುಕೊಂಡಿದ್ದು. ಮೊದಲ ದಿನ ಚೆನ್ನಾಗಿ ಒಣಗಿದ್ದು, ಆಮೇಲೆ ದಿನದಿನಕ್ಕೆ ಹೆಚ್ಚು ಹಸಿಯಾದದ್ದು, ಹೀಗೆ ಹತ್ತು ಚಿಲ್ಲರೆ ದಿನದಲ್ಲಿ 13 ಚುಚ್ಚು. ಚುಚ್ಚಿದ್ದು ಹೊಟ್ಟೆಯ ಚರ್ಮದ ಕೆಳಗೆ. ಪಾಶ್ಚರ್ ವೈದ್ಯನಲ್ಲ, ರಸಾಯನಶಾಸ್ತ್ರದವನು. ಹಾಗಾಗಿ ಸೂಜಿ ಹಿಡಿದಿದ್ದು ಗ್ರಾಂಶೆ ಅನ್ನೋ ಡಾಕ್ಟರು. ಹುಡುಗ ಬದುಕಿದ. ಅಲ್ಲಿಂದ ಜಗತ್ತೇ ಪ್ಯಾರಿಸಿನ ಕಡೆ ಹೊರಟಿತು. ನಮ್ಮ ದೇಶದಲ್ಲಿದ್ದ ಬ್ರಿಟಿಷ್ ಸೈನಿಕರನ್ನೂ ಹಡಗು ಹತ್ತಿಸಿ ಅಲ್ಲಿಗೆ ಕಳಿಸುತ್ತಿದ್ದರು. ಪಾಪ, ಹಡಗಿನಲ್ಲೇ ಎಷ್ಟು ವಾರ!

ದೆಹಲಿ, ಗುರ್ಗಾಂವ್ ಕಡೆ ಇರೋರು ವೀಕೆಂಡಿಗೆ ಕಸೌಲಿಗೆ ಹೋಗ್ತೀರಲ್ಲ, ಭಾರತದ ಮೊದಲ ಪಾಶ್ಚರ್ ಸಂಸ್ಥೆ ಶುರುವಾಗಿದ್ದು ಅಲ್ಲೇ, 1900ರಲ್ಲಿ. ಆ ಕಾಲದ ಲಸಿಕೆಗೆ ಸೆಕೆ ಆಗಿಬರ್ತಿರಲಿಲ್ಲ, ಬೆಟ್ಟದ ತಂಪು ಬೇಕಿತ್ತು. ಆದರೆ ದಕ್ಷಿಣದವರಿಗೆ ಕಸೌಲಿ ಎರಡು ಸಾವಿರ ಕಿಲೋಮೀಟರಿಗೂ ಆಚೆ. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಷ್ ಅನ್ನೋ ಯುವತಿ ಸಮಯಕ್ಕೆ ಸರಿಯಾಗಿ ಕಸೌಲಿ ತಲುಪಲಾಗದೆ ರೇಬೀಸಿನಿಂದ ತೀರಿಕೊಂಡಳು. ಆ ಸಾವು ದೊಡ್ಡ ಸುದ್ದಿಯಾಯ್ತು. ಹೆನ್ರಿ ಫಿಪ್ಸ್ ಅನ್ನೋ ಅಮೆರಿಕದ ಸಿರಿವಂತ ವೈಸ್‌ರಾಯ್ ಕರ್ಜನ್‌ಗೆ ಕೊಟ್ಟ ದೇಣಿಗೆಯಲ್ಲಿ ಒಂದು ಲಕ್ಷ ರೂಪಾಯಿ ದಕ್ಷಿಣದ ಸಂಸ್ಥೆಗೆ ಸಿಕ್ಕಿತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆ ತೆರೆಯಿತು. ಬೆಟ್ಟದ ರೈಲು ಕೂನೂರು ಮುಟ್ಟಿ ಆಗಲೇ ಎಂಟು ವರ್ಷ ಆಗಿತ್ತು. ಊಟಿಗೆ ಹೋಗ್ತಾ ಸಿಮ್ಸ್ ಪಾರ್ಕ್ ನೋಡಿ ಫೋಟೋ ತೆಗೆಸಿಕೊಳ್ತೀರಲ್ಲ, ಆ ಪಾರ್ಕಿನ ಹತ್ತಿರವೇ ಆ ಕಟ್ಟಡ ಇದೆ. ಹೈದರಾಬಾದಿನವರಿಗೆ ಒಂದು ಅಡ್ಡಮಾತು: ನಿಮ್ಮ ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದೂ ಇದೇ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಒಂದು ಕೋಣೆಯಲ್ಲಿ, 1918ರಲ್ಲಿ. ಹೈದರಾಬಾದಿಗೆ ಬಂದಿದ್ದು 1958ರಲ್ಲಿ. ಅದು ಇನ್ನೊಂದು ದಿನದ ಕತೆ.

ಈಗ ಹದಿನಾಲ್ಕರ ನಿಜವಾದ ಕರ್ತೃ. ಕಸೌಲಿಯ ಮೊದಲ ನಿರ್ದೇಶಕ ಡೇವಿಡ್ ಸೆಂಪಲ್. 1911ರಲ್ಲಿ ಅವನು ಬೇರೆ ದಾರಿ ಹಿಡಿದ. ಕುರಿಯ ಮೆದುಳಿಗೆ ವೈರಸ್ ಸೇರಿಸೋದು, ರೋಗ ಬಲಿತ ಮೇಲೆ ಆ ಮೆದುಳನ್ನು ತೆಗೆದು ಅರೆಯೋದು, ಕಾರ್ಬೋಲಿಕ್ ಆಮ್ಲ ಹಾಕಿ ವೈರಸ್ಸನ್ನು ಸಾಯಿಸೋದು. ಆಮೇಲೆ ಆ ದ್ರಾವಣವೇ ಲಸಿಕೆ. ಕೇಳೋಕೆ ಅಸಹ್ಯ ಅನ್ನಿಸಬಹುದು. ಆದರೆ ಅವತ್ತು ಗಾಜಿನ ತಟ್ಟೆಯಲ್ಲಿ ವೈರಸ್ ಬೆಳೆಸೋ ವಿದ್ಯೆ ಇರಲಿಲ್ಲ. ರೇಬೀಸ್ ಬೆಳೆಯೋದು ನರದಲ್ಲಿ, ಕುರಿಗೆ ದೊಡ್ಡ ಮೆದುಳು, ಬೆಲೆಯೂ ಕೈಗೆಟುಕುವಂಥದ್ದು. ಮುಖ್ಯ ವಿಷಯ ಇನ್ನೊಂದಿದೆ. ಸತ್ತ ವೈರಸ್ಸಿನ ಈ ಲಸಿಕೆ ಸುಲಭಕ್ಕೆ ಕೆಡ್ತಿರಲಿಲ್ಲ, ಬಾಟಲಿಯಲ್ಲಿ ತುಂಬಿ ದೂರದ ಆಸ್ಪತ್ರೆಗೂ ಕಳಿಸಬಹುದಿತ್ತು. ರೋಗಿ ಬೆಟ್ಟ ಹತ್ತಬೇಕಿಲ್ಲ, ಲಸಿಕೆಯೇ ಬೆಟ್ಟ ಇಳೀತು. ಈಗ ಸೆಂಪಲ್ ಲಸಿಕೆಯನ್ನು ಬೈಯೋರು ಇದನ್ನು ಮರೀತಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ಬಡವನಿಗೆ ರೇಬೀಸ್ ಚಿಕಿತ್ಸೆ ಸಿಗೋ ಹಾಗೆ ಮಾಡಿದ್ದು ಅದೇ.

ಯಾಕೆ ಹದಿನಾಲ್ಕು, ಯಾಕೆ ಹೊಟ್ಟೆ? ಅರೆದ ಮೆದುಳಿನಲ್ಲಿ ಕೆಲಸಕ್ಕೆ ಬರೋ ಅಂಶ ಕಮ್ಮಿ, ಬೇಡದ್ದೇ ಹೆಚ್ಚು. ಹಾಗಾಗಿ ಪ್ರಮಾಣ ಜಾಸ್ತಿ ಬೇಕು, ದಿನವೂ ಬೇಕು. ಗಾಯ ಎಷ್ಟು ದೊಡ್ಡದು ಅನ್ನೋದರ ಮೇಲೆ ಒಂದೊಂದು ಸಲಕ್ಕೆ 2ರಿಂದ 5 ಮಿಲಿಲೀಟರ್, ಒಂದರಿಂದ ಎರಡು ವಾರ, ಆಮೇಲೆ ಬೂಸ್ಟರ್ ಬೇರೆ. ಅಷ್ಟೊಂದು ದ್ರವವನ್ನು ಚರ್ಮದ ಕೆಳಗೆ ಸೇರಿಸೋಕೆ ಸಡಿಲವಾದ, ವಿಶಾಲವಾದ ಜಾಗ ಬೇಕಲ್ವಾ? ಹೊಟ್ಟೆ ಬಿಟ್ಟರೆ ಬೇರೆ ಎಲ್ಲಿದೆ? ನಿನ್ನೆ ಚುಚ್ಚಿದ ಜಾಗ ಊದಿಕೊಂಡಿರೋದರಿಂದ ಇವತ್ತು ಪಕ್ಕಕ್ಕೆ. ಹೀಗೆ ಹೊಕ್ಕುಳಿಗೆ ಒಂದು ಸುತ್ತು. ಸೂಜಿ ಹೊಟ್ಟೆಯೊಳಗೆ, ಕರುಳಿಗೇ ಇಳಿಯುತ್ತೆ ಅಂತ ಹಳ್ಳಿಯಲ್ಲಿ ಹೇಳೋರು. ಹಾಗಲ್ಲ, ಚರ್ಮದ ಕೆಳಗಷ್ಟೇ. ಆದರೂ ನೋವು ನೋವೇ. ನಮ್ಮ ಹಿರಿಯರು ಉತ್ಪ್ರೇಕ್ಷೆ ಮಾಡ್ತಿರಲಿಲ್ಲ.

ನೋವಿಗಿಂತ ದೊಡ್ಡ ಸಮಸ್ಯೆ ಇತ್ತು. ಕುರಿ ಮೆದುಳಿನ ಜೊತೆ ನರದ ಹೊದಿಕೆಯ ವಸ್ತುವೂ ಮೈಗೆ ಹೋಗುತ್ತಲ್ಲ, ಕೆಲವರ ದೇಹ ಅದರ ಮೇಲೆ ಯುದ್ಧ ಸಾರಿ, ಕೊನೆಗೆ ತನ್ನದೇ ನರಗಳ ಮೇಲೆ ಬೀಳ್ತಿತ್ತು. ಕಾಲು ಸ್ವಾಧೀನ ತಪ್ಪೋದು, ಲಕ್ವ, ಒಮ್ಮೊಮ್ಮೆ ಸಾವು. ಕಚ್ಚಿದ ನಾಯಿಗೆ ರೇಬೀಸ್ ಇರದಿದ್ದರೂ ಲಸಿಕೆಯಿಂದ ತೊಂದರೆಯಾದವರು ಇದ್ದರು. ಲ್ಯಾಟಿನ್ ಅಮೆರಿಕದವರು 1950ರ ದಶಕದಲ್ಲೇ ಎಳೇ ಇಲಿಮರಿಗಳ ಮೆದುಳಿಗೆ ಬದಲಾಯಿಸಿಕೊಂಡರು. ಅದರಲ್ಲಿ ಈ ಹೊದಿಕೆ ಇನ್ನೂ ಬೆಳೆದಿರೋದಿಲ್ಲ.

ಹೊಸ ದಾರಿ ತೆರೆದಿದ್ದು ಇರಾನಿನಲ್ಲಿ. 1954ರಲ್ಲಿ ಅಲ್ಲಿನ ಒಂದು ಹಳ್ಳಿಗೆ ನುಗ್ಗಿದ ಹುಚ್ಚು ತೋಳ ಒಂದೇ ರಾತ್ರಿ 29 ಜನರನ್ನು ಕಚ್ಚಿತು. ತಲೆಗೆ ತೀವ್ರ ಗಾಯವಾದವರಲ್ಲಿ ಬರೀ ಲಸಿಕೆ ಪಡೆದವರು ಐವರು, ಅವರಲ್ಲಿ ಮೂವರು ತೀರಿಕೊಂಡರು. ಲಸಿಕೆಯ ಜೊತೆಗೆ ಸೀರಮ್ಮನ್ನೂ, ಅಂದ್ರೆ ಸಿದ್ಧವಾದ ಪ್ರತಿಕಾಯವನ್ನೂ ಪಡೆದವರಲ್ಲಿ ಹೋದದ್ದು ಒಬ್ಬರೇ. ಲಸಿಕೆ ಕೊಟ್ಟ ಮೇಲೆ ದೇಹ ತನ್ನ ಸೈನ್ಯ ಕಟ್ಟೋಕೆ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಬಾಗಿಲು ಕಾಯೋಕೆ ಬಾಡಿಗೆ ಸೈನ್ಯ ಬೇಕು ಅನ್ನೋದು ಅವತ್ತು ಖಚಿತವಾಯ್ತು. ಇವತ್ತು ಆಳವಾದ ಗಾಯದ ಸುತ್ತ ಚುಚ್ಚೋ ಇಮ್ಯುನೊಗ್ಲಾಬ್ಯುಲಿನ್ ಇದೇ. ಕೋಶಗಳಲ್ಲಿ ಬೆಳೆಸಿದ ಶುದ್ಧ ಲಸಿಕೆ ಅಮೆರಿಕದಲ್ಲಿ ತಯಾರಾಯ್ತು, ಅದರ ದೊಡ್ಡ ಪರೀಕ್ಷೆಯೂ ಇರಾನಿನಲ್ಲೇ ನಡೀತು. ಹುಚ್ಚುನಾಯಿ, ತೋಳ ಕಚ್ಚಿದ 45 ಜನಕ್ಕೆ ಸೀರಮ್ ಜೊತೆ ಆ ಲಸಿಕೆ ಕೊಟ್ಟರು. 45 ಜನವೂ ಬದುಕಿದರು. ವರದಿ ಬಂದಿದ್ದು 1976ರಲ್ಲಿ.

1976ರಲ್ಲಿ ಉತ್ತರ ಸಿಕ್ಕಿದ್ದರೆ 2004ರವರೆಗೆ ನಾವೇಕೆ ಹೊಟ್ಟೆಗೆ ಚುಚ್ಚಿಸಿಕೊಂಡೆವು? ದುಡ್ಡು. ಹೊಸದು ದುಬಾರಿ, ಕುರಿ ಮೆದುಳಿನದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ವಿಶ್ವ ಆರೋಗ್ಯ ಸಂಸ್ಥೆ 1984ರಲ್ಲೇ ಹಳೇ ಲಸಿಕೆ ಬಿಡಿ ಅಂದಿತ್ತು. 90ರ ದಶಕದಲ್ಲಿ ಎರಡು ಭಾರತ ಇದ್ದವು: ಮೆಡಿಕಲ್ ಶಾಪಿನಲ್ಲಿ ದುಡ್ಡು ಕೊಟ್ಟು ತೋಳಿಗೆ ಐದು ಇಂಜೆಕ್ಷನ್ ಹಾಕಿಸಿಕೊಳ್ಳೋರು, ಕ್ಯೂ ನಿಂತು ಹೊಟ್ಟೆ ತೋರಿಸೋರು. ಹೊಕ್ಕುಳಿನ ಭಯ ಬಡವರ ಮನೆಯಲ್ಲಿ ಇನ್ನೂ ಗಟ್ಟಿಯಾಗಿರೋದಕ್ಕೆ ಇದೇ ಕಾರಣ ಅಂತ ನನಗನಿಸುತ್ತೆ.

ಆ ಕಂದಕ ಮುಚ್ಚಿದ್ದು ಒಂದು ಸಣ್ಣ ಉಪಾಯ. ಬ್ಯಾಂಕಾಕಿನ ಥಾಯ್ ರೆಡ್‌ಕ್ರಾಸ್‌ನವರು ಸ್ನಾಯುವಿನ ಬದಲು ಚರ್ಮದ ಒಳಪದರಕ್ಕೆ, ಎರಡು ಕಡೆ 0.1 ಮಿಲಿಲೀಟರ್ ಕೊಟ್ಟರೆ ಸಾಕು ಅಂತ ತೋರಿಸಿದರು. ಒಂದು ಬಾಟಲಿ ಹಲವರಿಗೆ ಬಂತು. ಭಾರತ ಇದಕ್ಕೆ 2006ರಲ್ಲಿ ಅನುಮತಿ ಕೊಟ್ಟಿತು. ನಮ್ಮ ಬೆಂಗಳೂರಿಗೂ ಈ ಕತೆಯಲ್ಲಿ ಪಾಲಿದೆ. ಕಿಮ್ಸ್, ಅಂದ್ರೆ ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಕೆ. ಸುದರ್ಶನ್ ಮುಂದಾಳತ್ವದಲ್ಲಿ 2003ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯೇ ವರ್ಷಕ್ಕೆ ಸುಮಾರು 20,000 ಸಾವು ಅನ್ನೋ ಅಂದಾಜು ಕೊಟ್ಟಿದ್ದು. ಐಸಿಎಂಆರ್‌ನ ಈಚಿನ ಸಮೀಕ್ಷೆ 5,726 ಅನ್ನುತ್ತೆ. ವಿಧಾನ ಬೇರೆ, ಹಾಗಾಗಿ ಒಂದರಿಂದ ಇನ್ನೊಂದನ್ನು ಸುಮ್ಮನೆ ಕಳೆಯೋಕಾಗಲ್ಲ, ಆದರೂ ಇಳಿಕೆ ದೊಡ್ಡದು. ಅದೇ ಸಮೀಕ್ಷೆಯಲ್ಲಿ ಕಣ್ಣಿಗೆ ಚುಚ್ಚೋ ಇನ್ನೊಂದು ವಿಷಯ: ಪ್ರಾಣಿ ಕಚ್ಚಿದ ಐವರಲ್ಲಿ ಒಬ್ಬರು ಒಂದೂ ಲಸಿಕೆ ಹಾಕಿಸಿಕೊಂಡಿರಲಿಲ್ಲ.

ಇನ್ನು ಈಗಿನ ಲೆಕ್ಕ. ಸ್ನಾಯುವಿಗಾದರೆ ಐದು ಸಲ, ರಟ್ಟೆಗೆ: ಮೊದಲ ದಿನವನ್ನು ಸೊನ್ನೆ ಅಂತ ಹಿಡಿದು 3, 7, 14, 28ನೇ ದಿನ. ಚರ್ಮಕ್ಕಾದರೆ ನಾಲ್ಕು ಭೇಟಿ: 0, 3, 7, 28. ದೊಡ್ಡವರಿಗೆ ಯಾವತ್ತೂ ಸೊಂಟಕ್ಕಲ್ಲ, ತೋಳಿಗೇ. ಇದಕ್ಕಿಂತ ಮೊದಲು, ಆಟೋ ಹಿಡಿಯೋಕೂ ಮೊದಲು, ಸೋಪು ಹಚ್ಚಿ ನಲ್ಲಿ ನೀರಿನ ಕೆಳಗೆ 15 ನಿಮಿಷ ಗಾಯ ತೊಳೀಬೇಕು. ಸೋಪು ವೈರಸ್ಸಿನ ಹೊರಪದರವನ್ನೇ ಕರಗಿಸುತ್ತೆ. ಸುಣ್ಣ, ಖಾರದಪುಡಿ, ಕಾಫಿಪುಡಿ ಬೇಡ. ಪರಚಿ ರಕ್ತ ಬಂದರೂ, ತೆರೆದ ಗಾಯವನ್ನು ನಾಯಿ ನೆಕ್ಕಿದರೂ ಆಸ್ಪತ್ರೆಗೆ ಹೋಗಲೇಬೇಕು. ಗಾಯ ಆಳವಾಗಿದ್ದರೆ "ಇಮ್ಯುನೊಗ್ಲಾಬ್ಯುಲಿನ್ ಬೇಕಾ?" ಅಂತ ನೀವೇ ಬಾಯಿಬಿಟ್ಟು ಕೇಳಿ, ಎಲ್ಲ ಕಡೆ ಅದು ಸ್ಟಾಕ್ ಇರಲ್ಲ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಅದಕ್ಕೆ ಬದಲಾಗಿ ಬಳಸೋ ಮಾನೋಕ್ಲೋನಲ್ ಔಷಧಿಯನ್ನೂ ಮಾರುಕಟ್ಟೆಗೆ ತಂದಿದೆ.

"ನಮ್ಮ ಮನೆ ನಾಯಿ ಕಣ್ರೀ, ವ್ಯಾಕ್ಸಿನ್ ಆಗಿದೆ" ಅನ್ನೋರಿಗೆ: ಆದರೂ ಡಾಕ್ಟರ ಹತ್ತಿರ ಹೋಗಿ ಲಸಿಕೆ ಶುರು ಮಾಡಿ, ನಾಯಿಯನ್ನು ಹತ್ತು ದಿನ ಗಮನಿಸಿ. ಅದು ಆರೋಗ್ಯವಾಗಿದ್ದರೆ ಮುಂದಿನದನ್ನು ಡಾಕ್ಟರು ಹೇಳ್ತಾರೆ. ನಾಯಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಕೆಲವು ವಾರಕ್ಕೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. ನಾಯಿಗೇ ಲಸಿಕೆ ಹಾಕಿ ಮನುಷ್ಯನನ್ನು ಉಳಿಸೋ ಯೋಚನೆಯನ್ನು ಮೊದಲು ದೊಡ್ಡ ಮಟ್ಟದಲ್ಲಿ ಮಾಡಿದ್ದು ಜಪಾನ್, 1921ರ ಸುಮಾರಿಗೆ. 1950ರಲ್ಲಿ ಕಾನೂನು ತಂದು ಕಡ್ಡಾಯ ಮಾಡಿದರು, 1957ರ ನಂತರ ಆ ದೇಶದೊಳಗೆ ರೇಬೀಸ್ ಕಂಡಿಲ್ಲ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ದಿನಾ ಬೀದಿ ನಾಯಿಗಳಿಗೆ ಅನ್ನ ಹಾಕೋರು ಕಚ್ಚೋ ಮೊದಲೇ ಮೂರು ಡೋಸ್ ಹಾಕಿಸಿಕೊಂಡಿರಬಹುದು. ಆಮೇಲೆ ಕಚ್ಚಿದರೂ ಎರಡು ಬೂಸ್ಟರ್ ಸಾಕು, ಇಮ್ಯುನೊಗ್ಲಾಬ್ಯುಲಿನ್ ಬೇಕಾಗಲ್ಲ.

ಊರಿಂದ ಫೋನ್ ಬಂದರೆ ಮೊದಲು ಹೇಳಿ: ಈಗ ಹೊಟ್ಟೆಗಲ್ಲ, ತೋಳಿಗೆ. ಆಮೇಲೆ ಆ ದಿನಗಳನ್ನು ನಿಮ್ಮ ಫೋನಿನ ಕ್ಯಾಲೆಂಡರಿನಲ್ಲೇ ಹಾಕಿಕೊಳ್ಳಿ, ಮುಖ್ಯವಾಗಿ 28ನೆಯದು. ಗಾಯ ಮಾಯ್ದಿರುತ್ತೆ, ಅಪ್ಪ "ಇನ್ನೇನು ಬೇಡ ಬಿಡೋ" ಅನ್ನೋದು ಆವಾಗಲೇ.