ಪವರ್ ಜಾಸ್ತಿ ಇರೋ ಎಂಜಿನ್‌ಗೆ ರೇಟೂ ಜಾಸ್ತಿ ಯಾಕೆ?

ಮಾಮೂಲಿ ಹ್ಯಾಚ್‌ಬ್ಯಾಕ್ ಕಾರಿನ 1.2 ಲೀಟರ್ ಪೆಟ್ರೋಲ್ ಎಂಜಿನ್ ಕೊಡೋದು ಹೆಚ್ಚುಕಮ್ಮಿ 80-90 ಹಾರ್ಸ್‌ಪವರ್. ಮರ್ಸಿಡಿಸ್ ಎಎಂಜಿ ಎ45 ಎಸ್ ಕಾರಿನ ಎಂಜಿನ್ ಬರೀ 2 ಲೀಟರ್, ಆದರೆ ಪವರ್ 421!

ವ್ಯತ್ಯಾಸ ಇರುವುದು ಒಳಗೆ. ಟರ್ಬೊ ಹೆಚ್ಚು ಗಾಳಿ ತುಂಬಿದಂತೆ ಸಿಲಿಂಡರ್‌ನಲ್ಲಿ ಒತ್ತಡ, ಶಾಖ ಏರುತ್ತದೆ. ಅದನ್ನು ತಾಳಿಕೊಳ್ಳಲು ಪಿಸ್ಟನ್, ಕ್ರ್ಯಾಂಕ್‌ಶಾಫ್ಟ್ ಎರಡೂ ಫೋರ್ಜ್ ಮಾಡಿದ್ದೇ ಬೇಕು. ಅಂದರೆ ಎರಕ ಹೊಯ್ದದ್ದಲ್ಲ, ಕಾಯಿಸಿದ ಲೋಹವನ್ನು ಭಾರೀ ಒತ್ತಡದಲ್ಲಿ ಅಚ್ಚಿಗೆ ಒತ್ತಿ ಮಾಡಿದ್ದು. ಕೂಲಿಂಗ್ ವ್ಯವಸ್ಥೆಗೂ ಖರ್ಚು ಜಾಸ್ತಿ.

ಜರ್ಮನಿಯ ಅಫಾಲ್ಟರ್‌ಬಾಖ್ ಕಾರ್ಖಾನೆಯಲ್ಲಿ ಈ ಎಂಜಿನ್ನನ್ನು ಒಬ್ಬರೇ ಪೂರ್ತಿ ಜೋಡಿಸಿ, ತಮ್ಮ ಸಹಿಯ ಫಲಕ ಹಾಕುತ್ತಾರೆ. ತಯಾರಾಗೋದು ಕಮ್ಮಿ, ಡಿಸೈನ್, ಟೆಸ್ಟಿಂಗ್ ಖರ್ಚೆಲ್ಲ ಅಷ್ಟರ ಮೇಲೇ ಬೀಳುತ್ತೆ.

ಹಾಗಾಗಿ ಪವರ್ ಆಸೆಗೆ ಸಾದಾ ಕಾರಿಗೆ ರೀಮ್ಯಾಪ್ ಮಾಡಿಸೋ ಮುಂಚೆ ಯೋಚಿಸಿ. ಸಾಫ್ಟ್‌ವೇರ್ ಬದಲಾಗುತ್ತೆ, ಒಳಗಿನ ಪಿಸ್ಟನ್ ಅದೇ ಇರುತ್ತೆ.